ಕೇಳ್ರಿ, ಹೇಳ್ತೀವಿ: ಗಿರಣಿ, ಚಪ್ಪಲಿ, ಬ್ಯಾಳಿ

ಹೋದ ಸಂಚಿಕೆದಾಗ ಕಲಬುರಗಿಯ ಹಳೆ ನೂಲು ಬಟ್ಟಿ ಗಿರಣಿ ಎಂಎಸ್‌ಕೆ ಮಿಲ್ ಬಗ್ಗೆ ನಾಕು ಸಾಲು ಬರೆದಿದ್ದೆ, ಅದರ ಬೆನ್ನಿಗೇ ಪತ್ರ ಬರ್ಲಿಕ್ಕ ಹತ್ಯಾವ. ಕೆಲವರು ಗಿರಣಿ ಬಗ್ಗೆ ಕೇಳ್ಯಾರ, ಕೆಲವರು ಚಪ್ಪಲಿ ಬಗ್ಗೆ, ಒಬ್ಬ ಅಕ್ಕಾರು ತೊಗರಿ ಬ್ಯಾಳಿ ಬಗ್ಗೆ. ನೋಡಿದ್ರ ಎಲ್ಲಾ ಒಂದಕ್ಕೊಂದು ಹತ್ತಿಕೊಂಡೇ ಅವ, ಅದಕ್ಕ ಈ ಸಲದ ಪುಟ ಪೂರಾ ಇದಕ್ಕೇ ಕೊಟ್ಟೀನಿ.

ಪ್ರಶ್ನೆ: ನನ್ನ ಮಗಳು ಅಳಿಯ ಅಮೆರಿಕಾದಾಗ ಬಾಸ್ಟನ್ ಹತ್ರ ಹೇವರಿಲ್ ಅನ್ನೋ ಊರಾಗ ಮನಿ ಮಾಡ್ಯಾರ. ಅವರಿರೋ ಕಟ್ಟಡಾನೇ ಮೊದಲ ಶೂ ಫ್ಯಾಕ್ಟರಿ ಇತ್ತಂತ, ಹೊಳಿ ದಂಡಿಗೆ ಹೋದ್ರ ಅಂಥಾವೇ ಕೆಂಪು ಇಟ್ಟಂಗಿ ಕಟ್ಟಡ ಸಾಲಾಗಿ ನಿಂತಾವ. ಅಷ್ಟು ಸಣ್ಣ ಊರಿಗೆ ಅಷ್ಟು ಶೂ ಫ್ಯಾಕ್ಟರಿ ಹ್ಯಾಂಗ ಬಂದುವು, ಎಲ್ಲಿ ಹೋದುವು?
(ನಿವೃತ್ತ ಮಾಸ್ತರು, ಯಾದಗಿರಿ)

ಉತ್ತರ: ಮಾಸ್ತರ್ರಿ, ಅಲ್ಲಿ ಬಿ ಮೊದಲ ಫ್ಯಾಕ್ಟರಿ ಇರಲಿಲ್ಲ. ಮ್ಯಾಸಚೂಸೆಟ್ಸ್ ಅನ್ನೋ ಆ ರಾಜ್ಯದಾಗ ಚಳಿಗಾಲ ಅಂದ್ರ ಹೊಲ ಪೂರಾ ಹಿಮದ ಕೆಳಗ, ರೈತರಿಗೆ ಕೆಲಸ ಇರ್ತಿರಲಿಲ್ಲ, ಅದಕ್ಕ ಹಿತ್ತಲದಾಗ ಹತ್ತು ಫೂಟಿನ ಒಂದು ಸಣ್ಣ ಖೋಲಿ ಕಟ್ಟಿಕೊಂಡು ಅದರಾಗ ಕುಂತು ಶೂ ಹೊಲಿತಿದ್ರು. ಸಾವಕಾರ ಚರ್ಮ ಕೊಟ್ಟು ಹೋಗ್ತಿದ್ದ, ಗಂಡಸರು ತಳ ಕೂಡಿಸ್ತಿದ್ರು, ಹೆಣ್ಣುಮಕ್ಕಳು ಮನಿಯಾಗೇ ಮ್ಯಾಲಿನ ಭಾಗ ಹೊಲದು ಕೊಡ್ತಿದ್ರು, ಜೋಡಿಗೆ ಇಷ್ಟು ಅಂತ ರೊಕ್ಕ. ನಮ್ಮ ಕಡಿ ಬೀಡಿ ಕಟ್ಟೋದು ನೋಡೀರಲ್ಲ, ಎಲಿ ತಂಬಾಕು ಕೊಟ್ಟು ಹೋಗಿ ಸಂಜಿಗೆ ಕಟ್ಟು ಎಣಿಸಿ ತಗೊಂಡು ಹೋಗೋದು, ಹಂಗೇ.

ಆಮ್ಯಾಲ ಮಶೀನ್ ಬಂತು. 1858ರಾಗ ಲೈಮನ್ ಬ್ಲೇಕ್ ಅನ್ನೋರು ಶೂ ತಳ ಮತ್ತ ಮ್ಯಾಲಿನ ಚರ್ಮ ಕೂಡಿಸಿ ಹೊಲಿಯೋ ಮಶೀನಿಗೆ ಪೇಟೆಂಟ್ ತಗೊಂಡ್ರು, 1861ಕ್ಕ ಅಲ್ಲಿ ಅಂತರ್ಯುದ್ಧ ಶುರು ಆತು, ಸೈನ್ಯಕ್ಕ ಲಕ್ಷಗಟ್ಲೆ ಬೂಟು ಬೇಕಾದುವು, ಹಿತ್ತಲ ಖೋಲಿ ಬಂದ್ ಆಗಿ ದೊಡ್ಡ ಕಟ್ಟಡ ಎದ್ದುವು. ಆದ್ರ ಒಂದು ಕೆಲಸ ಮಾತ್ರ ಯಾವ ಮಶೀನಿಗೂ ಬಗ್ಗಲಿಲ್ಲ. ಕಟ್ಟಿಗಿ ಫರ್ಮಾದ ಮ್ಯಾಲ ಚರ್ಮ ಎಳೆದು, ಬೆರಳಿನ ಕಡಿ ಸಣ್ಣ ಸಣ್ಣ ನೆರಿಗಿ ಮಾಡಿ, ಸುಕ್ಕು ಬೀಳದಂಗ ತಳಕ್ಕ ಮಡಚಿ ಮೊಳಿ ಹೊಡಿಬೇಕು. ಒಂದು ನೆರಿಗಿ ತಪ್ಪಿದ್ರ ಶೂ ಸೊಟ್ಟ. ಕೈ ಪಳಗಿದವನು ದಿನಪೂರ್ತಿ ದುಡಿದ್ರ ಐವತ್ತು ಜೋಡಿ ಮಾಡ್ತಿದ್ದ, ಅದಕ್ಕ ಆ ಕೆಲಸದವರಿಗೆ ಭಾರಿ ಬೆಲೆ ಇತ್ತು.

ಇದನ್ನ ಬಿಡಿಸಿದವರು ಜಾನ್ ಮ್ಯಾಟ್ಸೆಲಿಗರ್. ಸುರಿನಾಮ್ ದೇಶದಾಗ ಕರಿಯ ತಾಯಿ ಹೊಟ್ಟಿಲೆ ಹುಟ್ಟಿ, ಹಡಗದಾಗ ದುಡದು, ಹೇವರಿಲ್ ಸೀಮಿಯಾಗೇ ಇರೋ ಲಿನ್ ಅನ್ನೋ ಶೂ ಊರಿಗೆ ಬಂದು ಫ್ಯಾಕ್ಟರಿ ಕೆಲಸಕ್ಕ ಸೇರಿದ್ರು. ದಿನಾ ಹಗಲು ಡ್ಯೂಟಿ, ರಾತ್ರಿ ಖೋಲ್ಯಾಗ ಕುಂತು ಸಿಗಾರ್ ಡಬ್ಬಿ ಕಟ್ಟಿಗಿ, ಹಳೆ ಕಬ್ಬಿಣ ಜೋಡಿಸಿ ಮಶೀನ್ ಮಾಡೋದು. 1883ರ ಮಾರ್ಚ್ 20ಕ್ಕ ಪೇಟೆಂಟ್ ಸಿಕ್ತು, ಆ ಮಶೀನ್ ಸುಧಾರಿಸ್ತಾ ಹೋಗಿ ದಿನಕ್ಕ 700 ಜೋಡಿ ತನಕ ಮುಟ್ಟಿತು, ಶೂ ರೇಟ್ ಅರ್ಧಕ್ಕ ಇಳೀತು. ಆ ಮನುಷ್ಯಾಗ ಮೈಬಣ್ಣ ನೋಡಿ ಊರಿನ ಚರ್ಚ್‌ನವರು ಒಬ್ಬರಾದ ಮ್ಯಾಲ ಒಬ್ಬರು ಸೇರಿಸಿಕೊಳ್ಳಲಿಲ್ಲ, ಕಡೀಗೆ ಒಂದು ಚರ್ಚ್ ಸೇರಿಸಿಕೊಂಡ್ತು. ಅವರು ಕ್ಷಯರೋಗದಿಂದ 1889ರಾಗ ತೀರಿಕೊಂಡ್ರು, ಆಗ ವಯಸ್ಸು 36. ಇವತ್ತು ಜಗತ್ತಿನಾಗ ಯಾವ ಶೂ ಫ್ಯಾಕ್ಟರಿಗೆ ಹೋದ್ರೂ ಫರ್ಮಾಕ್ಕ ಚರ್ಮ ಎಳಿಯೋ ಖಾತೆದಾಗ ನಡಿಯೋದು ಅವರ ವಿಚಾರಾನೇ. ಅವರ ಹೆಸರು ಸಾಲಿ ಪುಸ್ತಕದಾಗ ಬರಬೇಕು ಅಂತ ನನಗ ಮನಸಾರೆ ಅನಸ್ತದ.

ನಿಮ್ಮ ಮಗಳ ಊರಿನ ಮಾತು ಹೇಳ್ತೀನಿ. ಹೇವರಿಲ್‌ನಾಗ ಹೆಣ್ಣುಮಕ್ಕಳ ಶೂ, ಸ್ಲಿಪ್ಪರ್ ಜಾಸ್ತಿ. 1882ರ ಬೆಂಕಿಯಾಗ ಶೂ ಪೇಟಿ ಸುಟ್ಟು ಬೂದಿ ಆಗಿತ್ತು, ಮತ್ತ ಕಟ್ಟಿದ್ರು, 1913ರ ಹೊತ್ತಿಗೆ ಅಮೆರಿಕಾದಾಗ ತಯಾರಾಗೋ ಶೂದಾಗ ಹತ್ತಕ್ಕ ಒಂದು ಅಲ್ಲೀದೇ. ಅಂದ್ರ ನೀವು ನೋಡಿ ಬಂದ ಇಟ್ಟಂಗಿ ಕಟ್ಟಡ ಬೆಂಕಿ ಆದಮ್ಯಾಲಿನವೇ ಹೆಚ್ಚು ಇರ್ತಾವ. ಆಮ್ಯಾಲ ಮಾಲಕರು ಕೂಲಿ ಕಮ್ಮಿ ಇರೋ ಬ್ಯಾರೆ ರಾಜ್ಯಗಳಿಗೆ ಫ್ಯಾಕ್ಟರಿ ಒಯ್ದ್ರು, ಇನ್ನ ಮುಂದ ಹೊರದೇಶದ ಅಗ್ಗದ ಶೂ ಬಂದುವು, ಒಂದೇ ಕಸುಬಿನ ಮ್ಯಾಲ ನಿಂತ ಊರು ಆ ಕಸುಬು ಹೋದ್ರ ಏನು ಮಾಡಬೇಕು ಹೇಳ್ರಿ. ಕಟ್ಟಡ ಗಟ್ಟಿ ಇದ್ದುವು, ಅಪಾರ್ಟ್‌ಮೆಂಟ್ ಆದುವು.

ಪ್ರಶ್ನೆ: ನಮ್ಮ ಕಡಿ ದನಕರಕ್ಕ ಕಮ್ಮಿ ಇರಲಿಲ್ಲ, ಚರ್ಮದ ಕೆಲಸ ಬಲ್ಲವರು ಪ್ರತಿ ಹಳ್ಳಿಯಾಗ ಇದ್ರು. ಮತ್ತ ಕಲಬುರಗಿ, ಬೀದರ, ಯಾದಗಿರಿದಾಗ ಹೆಸರು ಹೇಳೋವಂಥಾ ಒಂದು ಶೂ ಫ್ಯಾಕ್ಟರಿ ಯಾಕ ಆಗಲಿಲ್ಲ?
(ಓದುಗರು, ಶಹಾಪುರ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕ ನಿಮಗ ಶರಣು. ಇದಕ್ಕ ಅರ್ಧ ಉತ್ತರ ರೊಕ್ಕದ್ದು, ಅರ್ಧ ಜಾತೀದು, ಮತ್ತ ನನ್ನ ಪ್ರಕಾರ ಜಾತೀದೇ ದೊಡ್ಡ ಅರ್ಧ.

ಮೊದಲ ಆ ಕೆಲಸ ಎಂಥಾದ್ದಿತ್ತು ಅಂತ ತಿಳಕೋಬೇಕು, ಯಾಕಂದ್ರ ಅದನ್ನ ನೋಡಿದವರು ಈಗ ಕಮ್ಮಿ ಆಗ್ಯಾರ. ಹಸಿ ಚರ್ಮ ತಂದು ಸುಣ್ಣದ ನೀರಾಗ ದಿನಗಟ್ಲೆ ನೆನಿ ಹಾಕೋದು, ಕೂದಲು ಸಡಲಾದ ಮ್ಯಾಲ ಕೆರೆದು ತೆಗಿಯೋದು, ಒಳಗಿನ ಮಾಂಸ ಹೆರಿಯೋದು, ಸುಣ್ಣ ಹೋಗೋ ತನಕ ತೊಳಿಯೋದು. ಆಮ್ಯಾಲ ತಂಗಡಿ ತೊಗಟಿ, ಅಳಲೆಕಾಯಿ ಕುಟ್ಟಿ ಹಾಕಿದ ನೀರಾಗ ಮುಳಗಸೋದು. ಅಲ್ಲಿಗೆ ಮುಗಿಯಂಗಿಲ್ಲ, ಆ ಚರ್ಮಾನೇ ಚೀಲದಂಗ ಹೊಲದು ಒಳಗ ತೊಗಟಿ, ನೀರು ತುಂಬಿ ಗಿಡಕ್ಕೋ ತೊಲಿಗೋ ನೇತು ಹಾಕ್ತಿದ್ರು. ಒಗರು ನೀರು ಚರ್ಮದಾಗಿಂದ ಹನಿ ಹನಿ ಇಳದು ಹೊರಗ ಬರ್ತಿತ್ತು, ಅದನ್ನ ಹಿಡಿದು ಮತ್ತ ಒಳಗ ಹಾಕೋದು, ಕೆಲವು ದಿನಕ್ಕ ಚೀಲ ತಲಿಕೆಳಗ ಮಾಡಿ ಮತ್ತ ಕಟ್ಟೋದು. ಎಲ್ಲಾ ಸೇರಿ ತಿಂಗಳ ಮ್ಯಾಲೇ ಹಿಡೀತಿತ್ತು. ಅದರ ನಾತದಾಗ ಒಬ್ಬ ಮನುಷ್ಯ ಬದುಕು ಕಳೀಬೇಕು, ಅವನ ಹೆಂಡತಿ ಮಕ್ಕಳು ಬಿ. ಅದರ ಮ್ಯಾಲ ರಂಪಿಗಿಲೆ ಕೊಯ್ದು, ಆರಿಲೆ ತೂತು ಹಾಕಿ, ಚರ್ಮದ ದಾರಲೇ ಹೊಲದು ಚಪ್ಪಲಿ ಮಾಡೋದು. ಇದಕ್ಕ ಕೊಡ್ತಿದ್ದದ್ದು ರಾಶಿ ಮುಗದ ಮ್ಯಾಲ ಕಣದಾಗ ಆಯದ ಕಾಳು. ಚಪ್ಪಲಿ ಅಷ್ಟೇ ಅಲ್ಲ, ಬಾವಿಗೆ ಎತ್ತು ಹೂಡಿ ನೀರೆತ್ತೋ ಚರ್ಮದ ಚೀಲ, ಬಾರಕೋಲು, ಎತ್ತಿನ ಕೊರಳ ಪಟ್ಟಿ, ಹಲಗಿಗೆ ಚರ್ಮ, ಎಲ್ಲಾ ಅವರ ಕೈಯಿಂದಾನೇ ಬರಬೇಕಿತ್ತು. ಒಕ್ಕಲುತನ ಅವರ ಮ್ಯಾಲ ನಿಂತಿತ್ತು, ಖರೆ ಅವರಿಗೆ ಊರಾಗ ಜಾಗ ಇರಲಿಲ್ಲ.

ಈಗ ಹೇವರಿಲ್ ಜೋಡಿ ತೂಗಿ ನೋಡ್ರಿ. ಅಲ್ಲಿ ಶೂ ಹೊಲಿಯೋ ರೈತ ಚರ್ಚಿಗೆ ಹೋಗ್ತಿದ್ದ, ವೋಟ್ ಹಾಕ್ತಿದ್ದ, ನಾಕು ರೊಕ್ಕ ಕೂಡಿಸಿ ತಾನೇ ಸಾವಕಾರ ಆಗಬಹುದಿತ್ತು, ಹಂಗ ಆದವರು ಬಿ ಇದ್ರು. ಕೂಲಿ ಇಳಿಸಿದಾಗ 1860ರ ಫೆಬ್ರವರಿ 22ಕ್ಕ ಲಿನ್ ಊರಿನ ಮಂದಿ ದೊಡ್ಡ ಮುಷ್ಕರ ಹೂಡಿದ್ರು, ಮಾರ್ಚ್ 7ಕ್ಕ ಹಿಮ ಸುರಿಯೋ ಹೊತ್ತಿನಾಗ ಹೆಣ್ಣುಮಕ್ಕಳು ನೂರಾರು ಮಂದಿ ಮೆರವಣಿಗೆ ಹೊಂಟ್ರು. ನಮ್ಮಲ್ಲಿ ಆ ಕಾಲಕ್ಕ ಕೇಳಿದಷ್ಟು ಕಾಳು ಕೊಡ್ರಿ ಅಂತ ಗೌಡನ ವಾಡೆ ಮುಂದ ನಿಂದ್ರಲಿಕ್ಕೆ ಸಮಗಾರಗಾಗಲೀ ಢೋರಗಾಗಲೀ ಆಗ್ತಿತ್ತೇನ್ರಿ? ಕಸುಬು ಬಲ್ಲವನಿಗೆ ಸಾಲ ಕೊಡೋರಿಲ್ಲ, ರೊಕ್ಕ ಇದ್ದವನು ಚರ್ಮ ಮುಟ್ಟಂಗಿಲ್ಲ. ಇವರಿಬ್ಬರು ಕೂಡದ ಮ್ಯಾಲ ಫ್ಯಾಕ್ಟರಿ ಎಲ್ಲಿಂದ ಬರಬೇಕು.

ಇನ್ನೊಂದರ್ಧ ಏನಂದ್ರ, ರೈಲು ಬಂದ ಮ್ಯಾಲ ಹಸಿ ಚರ್ಮಾನೇ ಬೋಗಿ ಹತ್ತಿ ಮದ್ರಾಸ್, ಮುಂಬಯಿ ಕಡಿ ಹೋಗಲಿಕ್ಕ ಹತ್ತಿತು, ಹದ ಮಾಡಿ ಗಳಸೋ ಲಾಭ ಅಲ್ಲಿಯವರಿಗೆ ಆತು. 1930ರ ದಶಕದಾಗ ಬಾಟಾದವರು ಕಲಕತ್ತಾ ಬಾಜು ಬಾಟಾನಗರ ಕಟ್ಟಿದ್ರು, ಮಶೀನ್ ಶೂ, ರಬ್ಬರ್ ಶೂ ಪ್ಯಾಟಿಗೆ ಬಂದುವು, ಹಿಂದೇ ಹವಾಯಿ ಚಪ್ಪಲಿ ಬಂತು, ಬಾವಿಗೆ ಮೋಟರ್ ಪಂಪ್ ಕೂತು ಚರ್ಮದ ಚೀಲ ಹೋಯ್ತು, ಆಯ ಬಿ ನಿಂತು ಹೋಯ್ತು. ಹಳ್ಳಿಯಾಗಿನ ಕೈ ಕೆಲಸದವರು ಬಸ್ ಸ್ಟ್ಯಾಂಡ್ ಬಾಜು ಕುಂತು ಕಿತ್ತ ಚಪ್ಪಲಿ ಹೊಲಿಯೋರು ಆದ್ರು, ಇಲ್ಲಾ ಮುಂಬಯಿ ಪುಣೆ ಹತ್ತಿದ್ರು.

ರಾಜ್ಯ ಸರ್ಕಾರ 1976ರಾಗ ಚರ್ಮ ಕೈಗಾರಿಕೆಗೆ ಅಂತ ಒಂದು ನಿಗಮ ಮಾಡ್ಯದ, ಲಿಡ್ಕರ್ ಅಂತೀವಲ್ಲ, ಅದೇ. 2019ರಾಗ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು, ಅಂದ್ರ ಜಿಐ ಟ್ಯಾಗ್ ಬಂತು, ಲಿಡ್ಕರ್ ಮತ್ತ ಮಹಾರಾಷ್ಟ್ರದ ನಿಗಮ ಕೂಡಿ ತಂದದ್ದು, ಅದರಾಗ ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ರಾಜ್ಯದ ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ ಸೇರ್ಯಾವ. ಬಾಜೂದ ಸೊಲ್ಲಾಪುರ ಅದ, ವಿಜಯಪುರ ಅದ, ನಮ್ಮ ಮೂರು ಜಿಲ್ಲಾ ಇಲ್ಲ. ಅಥಣಿ ನಿಪ್ಪಾಣಿ ಕಡಿ ಕಸುಬು ಒಂದೇ ಕಡಿ ಗುಂಪಾಗಿ ಉಳಕೊಂಡದ, ನಮ್ಮಲ್ಲಿ ಹಳ್ಳಿಗೊಂದು ಮನಿ ಇದ್ದದ್ದು ಚದುರಿ ಹೋತು, ಹಂಗಂತ ನಾನು ತಿಳಕೊಂಡೀನಿ.

ಪ್ರಶ್ನೆ: ಚಪ್ಪಲಿ ಚರಿತ್ರೆ ಅಂದ್ರ ನಮ್ಮ ಹರಳಯ್ಯ ಶರಣರಿಂದ ಶುರು ಆಗಬೇಕಲ್ಲ?
(ಓದುಗರು, ಬಸವಕಲ್ಯಾಣ)

ಉತ್ತರ: ಹೌದ್ರಿ, ಆಗಬೇಕು. 12ನೇ ಶತಮಾನದಾಗ ಕಲ್ಯಾಣದಾಗ ಸಮಗಾರ ಹರಳಯ್ಯ ಬಸವಣ್ಣನವರಿಗೆ ಶರಣು ಅಂದ್ರ ಅವರು ತಿರುಗಿ ಶರಣು ಶರಣಾರ್ಥಿ ಅಂದ್ರಂತ. ಒಂದು ಶರಣು ಹೆಚ್ಚಾತು, ಆ ಋಣ ಹೊತ್ತು ಹ್ಯಾಂಗ ಇರೋದು ಅಂತ ಹರಳಯ್ಯ ಮತ್ತ ಅವರ ಪತ್ನಿ ಕಲ್ಯಾಣಮ್ಮ ತಮ್ಮ ತೊಡಿ ಚರ್ಮ ತೆಗೆದು ಹದ ಮಾಡಿ ಚಮ್ಮಾವುಗಿ ಹೊಲದು ತಂದ್ರು ಅನ್ನೋದು ನಮ್ಮ ಕಡಿ ಮನಿಮನಿಗೆ ಗೊತ್ತಿರೋ ಕಥಿ. ಮುಂದ ಅವರ ಮಗ ಶೀಲವಂತಗ ಬ್ರಾಹ್ಮಣ ಮಧುವರಸರ ಮಗಳನ್ನ ತಂದ್ರು ಅಂತ ಬಿಜ್ಜಳ ಇಬ್ಬರು ಬೀಗರನ್ನೂ ಎಳೆಹೂಟಿ, ಅಂದ್ರ ಆನಿ ಕಾಲಿಗೆ ಕಟ್ಟಿ ಎಳಸೋ ಶಿಕ್ಷಾಕ್ಕ ಗುರಿ ಮಾಡಿದ. ಕಲ್ಯಾಣ ಹೊತ್ತಿ ಉರದದ್ದು ಅಲ್ಲಿಂದಾನೇ. ಬಸವಕಲ್ಯಾಣದಾಗ ಹರಳಯ್ಯನ ಗವಿ ಇವತ್ತಿಗೂ ಅದ.

ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಬಿ ಚರ್ಮದ ಕೆಲಸದ ಮನೆತನದವರೇ, ಬಸವಣ್ಣ ಅವರನ್ನ ತನ್ನ ಹಿರಿಯರು ಅಂತ ಕರಕೊಂಡಾರ. ಅಂಥಾ ಮಾತು ಹುಟ್ಟಿದ ಮಣ್ಣಿನಾಗೇ ಮುಂದಿನ ಎಂಟು ನೂರು ವರ್ಷ ಚರ್ಮ ಮುಟ್ಟೋರನ್ನ ಊರ ಹೊರಗ ಇಟ್ಟೀವಿ, ಇದು ನನಗ ಪ್ರತಿ ಸಲ ಬರಿಯುವಾಗ ಬಿ ನೋಯ್ತದ. ಗವಿಗೆ ಹೋಗಿ ಕೈ ಮುಗಿಯೋ ಮಂದಿ ಪ್ಯಾಟ್ಯಾಗ ಚಪ್ಪಲಿ ಹೊಲಿಯೋರ ಜೋಡಿ ಒಂದು ಕಪ್ ಚಾ ಕುಡಿಲಿ ಅಂತ ಆಶಾ ನಂದು.

ಪ್ರಶ್ನೆ: ನಮ್ಮ ಮನಿ ಎಂಎಸ್‌ಕೆ ಮಿಲ್ ಬಡಾವಣಿದಾಗ ಅದ. ಎಲ್ಲಾರೂ ಮಿಲ್ ಮಿಲ್ ಅಂತಾರ, ನಾನು ಹುಟ್ಟಿದಾಗಿಂದ ಭೋಂಗಾ ಕೇಳಿಲ್ಲ. ಎಂಎಸ್‌ಕೆ ಅಂದ್ರ ಏನು, ಯಾಕ ಬಂದ್ ಆತು?
(ಪಿಯುಸಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಂಗಿ, ಎಂಎಸ್‌ಕೆ ಅಂದ್ರ ಮಹಬೂಬ್ ಶಾಹಿ ಕುಲ್ಬರ್ಗಾ. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರ ಹೆಸರು ಇಟ್ಟಾರ, 1880ರ ದಶಕದಾಗ ಶುರು ಆಗಿದ್ದು. ಹೈದರಾಬಾದ್ ಸಂಸ್ಥಾನದಾಗ ಎಲ್ಲಾಕಿಂತ ಮೊದಲಿನ ನೂಲು ಬಟ್ಟಿ ಗಿರಣಿಗಳದಾಗ ಇದು ಒಂದು. ವರಂಗಲ್ಲಿನ ಆಜಂಜಾಹಿ ಮಿಲ್ ಬಂದದ್ದು 1934ಕ್ಕ, ಅಂದ್ರ ನಿಮ್ಮ ಮಿಲ್ ಅದಕ್ಕಿಂತ ಐವತ್ತು ವರ್ಷ ಹಿರಿದು.

ಕಲಬುರಗಿಗೇ ಯಾಕ ಬಂತು ಅಂದ್ರ ಕಥಿ ಮತ್ತ ಅಮೆರಿಕಾಕ್ಕೇ ಹೋಗ್ತದ. ಮ್ಯಾಲಿನ ಮಾಸ್ತರು ಹೇಳಿದ ಹೇವರಿಲ್ ಇರೋ ಮೆರಿಮ್ಯಾಕ್ ಹೊಳಿ ದಂಡಿಗೇ ಲೋವೆಲ್ ಅಂತ ಊರದ, 1820ರ ದಶಕದಿಂದ ಅಲ್ಲಿ ಹೊಳಿ ನೀರಿನ ಧಾರಿಲೇ ಚಕ್ರ ತಿರುಗಿಸಿ ಹತ್ತಿ ಗಿರಣಿ ನಡೆಸ್ತಿದ್ರು, ಹಳ್ಳಿ ಹುಡುಗ್ಯಾರು ಹಾಸ್ಟೆಲ್‌ನಾಗ ಇದ್ದು ದುಡೀತಿದ್ರು. ಆ ಗಿರಣಿಗಳಿಗೂ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೂ ಹತ್ತಿ ಬರ್ತಿದ್ದದ್ದು ಅಮೆರಿಕಾದ ದಕ್ಷಿಣದಾಗ ಗುಲಾಮರು ಬೆಳೆದದ್ದು. 1861ಕ್ಕ ಯುದ್ಧ ಹತ್ತಿ ಆ ಹತ್ತಿ ಬರೋದು ನಿಂತಿತು, ಇಂಗ್ಲಿಷರು ಹಿಂದೂಸ್ತಾನದ ಕಡಿ ತಿರುಗಿದ್ರು, ಮುಂಬಯಿದಾಗ ಹತ್ತಿ ರೇಟ್ ಮುಗಿಲಿಗೆ ಏರಿತು, ಎರಿ ಭೂಮಿ ಇದ್ದ ನಮ್ಮ ಸೀಮಿ ಮ್ಯಾಲ ಎಲ್ಲಾರ ಕಣ್ಣು ಬಿತ್ತು. ಸೊಲ್ಲಾಪುರದಿಂದ ಕಲಬುರಗಿ, ಯಾದಗಿರಿ ಮ್ಯಾಲಿಂದ 1871ಕ್ಕ ರಾಯಚೂರಿಗೆ ರೈಲು ಮುಟ್ಟಿತು, 1874ಕ್ಕ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಾಕಿದ್ರು. ಹತ್ತಿ ಊರಾಗೇ, ರೈಲು ಊರಾಗೇ, ಬಾಯ್ಲರಿಗೆ ಕಲ್ಲಿದ್ದಲು ರೈಲಿನಾಗೇ ಬರ್ತದ. ಗಿರಣಿ ಬರಲಿಕ್ಕೆ ಇನ್ನೇನು ಬೇಕು.

ಒಳಗಿನ ಕೆಲಸ ಹ್ಯಾಂಗಿರ್ತದ ಅಂತ ನಿನಗ ಹೇಳಬೇಕು. ಮೊದಲ ಬ್ಲೋ ರೂಮ್, ಅಲ್ಲಿ ಅಂಡಿಗಿ ಬಿಚ್ಚಿ ಹತ್ತಿ ಜಾಡಿಸ್ತಾರ. ಆಮ್ಯಾಲ ಕಾರ್ಡಿಂಗ್, ಅಲ್ಲಿ ಎಳಿ ಬಾಚಿ ಹುರಿ ಮಾಡ್ತಾರ. ಆಮ್ಯಾಲ ರಿಂಗ್ ಫ್ರೇಮ್, ಅಲ್ಲಿ ನೂಲು. ಕಡೀಗೆ ಸಾಂಚಾ ಖಾತೆ, ಅಂದ್ರ ಮಗ್ಗ. ನೂಲಿನ ಖಾತೆದಾಗ ಗಾಳಿ ಒಣಗಿದ್ರ ಎಳಿ ಪಟ್ ಅಂತ ಹರೀತದ, ಅದಕ್ಕ ಕಿಟಕಿ ಮುಚ್ಚಿ ಒಳಗ ನೀರಿನ ಹನಿ ಸಿಂಪಡಿಸ್ತಾರ. ಹೊರಗ ಮೇ ತಿಂಗಳ ಕಲಬುರಗಿ ಬಿಸಲು, ಒಳಗ ಕುದಿಯೋ ಹಬಿ, ಅದರಾಗ ಎಂಟು ತಾಸು ನಿಂತೇ ಇರಬೇಕು, ಹರಿದ ಎಳಿ ಎರಡು ಬೆರಳಿಲೆ ಹಿಡದು ಕ್ಷಣದಾಗ ಕೂಡಿಸಬೇಕು. ಸಪ್ಪಳಕ್ಕ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ, ಕೈ ಸನ್ನಿ ಮಾಡೇ ಮಾತು. ಹತ್ತಿ ಧೂಳು ಉಸಿರಿನಾಗ ಹೋಗಿ ಹೋಗಿ ಎದಿ ಹಿಡಿಯೋ ಒಂದು ರೋಗ ಅದ, ರಜಾ ಮುಗಿಸಿ ಬಂದ ಮೊದಲನೇ ದಿನಾನೇ ಎದಿ ಬಿಗಿತ, ಕೆಮ್ಮು ಜಾಸ್ತಿ ಆಗ್ತದ, ಹಳೆ ಕಾಮಗಾರರ ಮನಿಯವರನ್ನ ಕೇಳು, ಆ ಕೆಮ್ಮು ಅವರಿಗೆ ನೆನಪಿರ್ತದ. ಕಾಯಂ ಇದ್ದವರ ಕೆಳಗ ಬದ್ಲಿ ಕಾಮಗಾರರು ಇರ್ತಿದ್ರು, ಗೇಟ್ ಮುಂದ ಬಂದು ನಿಂದ್ರೋದು, ಯಾರರೆ ಬರದಿದ್ರ ಆವತ್ತು ಕೆಲಸ, ಇಲ್ಲಾ ವಾಪಸ್ ಮನಿಗೆ.

ಬಂದ್ ಆದದ್ದಕ್ಕ ಕಾರಣ ಒಂದಲ್ಲ. ಗಿರಣಿ ಹಳೀದಾತು, ಮಶೀನ್ ಹಳೀವು, ಮಾಲಕರು ಹೊಸದಕ್ಕ ರೊಕ್ಕ ಹಾಕಲಿಲ್ಲ. ದೇಶದಾಗ ಇಂಥಾ ರೋಗ ಹತ್ತಿದ ಗಿರಣಿ ಬಹಳ ಆಗಿದ್ದುವು, ಅದಕ್ಕ 1974ರಾಗ ಕೇಂದ್ರ ಸರ್ಕಾರ ಕಾಯ್ದಾ ಮಾಡಿ 103 ಗಿರಣಿ ರಾಷ್ಟ್ರೀಕರಣ ಮಾಡ್ತು, ಎಂಎಸ್‌ಕೆ ಬಿ ಅದರಾಗ ಬಂದು ನ್ಯಾಷನಲ್ ಟೆಕ್ಸ್‌ಟೈಲ್ ಕಾರ್ಪೊರೇಷನ್ ಕೈಗೆ ಹೋತು. ಆದ್ರ ಅಷ್ಟೊತ್ತಿಗೆ ಸೊಲ್ಲಾಪುರ, ಇಚಲಕರಂಜಿ, ಭಿವಂಡಿ ಕಡಿ ಪವರ್‌ಲೂಮ್ ಬೆಳದಿದ್ದುವು. ಒಂದು ಶೆಡ್ಡಿನಾಗ ನಾಕು ಮಗ್ಗ, ಕಾಯಂ ನೌಕರಿ ಇಲ್ಲ, ಪಿಎಫ್ ಇಲ್ಲ, ಅವರ ಬಟ್ಟಿ ಅಗ್ಗ. ಮಂದಿ ಬಿ ಟೆರಿಲಿನ್ ಪಾಲಿಸ್ಟರ್ ಕಡಿ ಹೋದ್ರು. 1982ರ ಜನವರಿ 18ಕ್ಕ ಮುಂಬಯಿ ಗಿರಣಿ ಮುಷ್ಕರ ಶುರು ಆಗಿ ಆ ಊರಿನ ಗಿರಣಿಗಳೇ ನೆಲ ಕಚ್ಚಿದುವು, ನಮ್ಮ ಭಾಗದಿಂದ ಅಲ್ಲಿ ದುಡಿಲಿಕ್ಕ ಹೋದವರು ಬಿ ಬರಿಗೈಲೆ ವಾಪಸ್ ಬಂದ್ರು. ಇಲ್ಲಿ 90ರ ದಶಕದಾಗ ಎಂಎಸ್‌ಕೆ ಚಕ್ರ ನಿಂತುವು.

ನನಗ ಒಂದು ಮಾತು ಹೇಳಲೇಬೇಕು. ಲೋವೆಲ್ ಗಿರಣಿಗಳು ಬಿ ಬಂದ್ ಆಗ್ಯಾವ, ಆದ್ರ 1978ರಾಗ ಅಲ್ಲಿಯ ಸರ್ಕಾರ ಅದನ್ನ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ ಅಂತ ಮಾಡ್ತು, ಹಳೆ ಮಗ್ಗ ಇಟ್ಟು ಖರೇನೇ ನಡೆಸಿ ತೋರಸ್ತಾರ, ಸಾಲಿ ಮಕ್ಕಳು ಆ ಸಪ್ಪಳ ಕೇಳಿ ಹೋಗ್ತಾರ. ಕಲಬುರಗಿದಾಗ ಬಹಮನಿ ಕೋಟೆಗೆ, ದರ್ಗಾಕ್ಕ, ಶರಣಬಸವೇಶ್ವರ ಗುಡಿಗೆ ಎಷ್ಟು ಚರಿತ್ರೆ ಹೇಳ್ತೀವಿ, ನೂರು ವರ್ಷ ಊರಿನ ಒಲಿ ಉರಿಸಿದ ಗಿರಣಿಗೆ ಒಂದು ಖೋಲಿ ಮ್ಯೂಸಿಯಂ ಬ್ಯಾಡೇನು? ಬೇಕೇ ಬೇಕು, ನಿನ್ನಂಥಾ ಹುಡುಗ್ಯಾರು ಕೇಳಿದ್ರ ಆದೀತು.

ಪ್ರಶ್ನೆ: ದಾಲ್ ಮಿಲ್‌ನಾಗ ತೊಗರಿಗೆ ಎಣ್ಣಿ ಯಾಕ ಹಚ್ಚತಾರ? ಕಲಬೆರಕಿ ಏನು?
(ಗೃಹಿಣಿ, ಆಳಂದ)

ಉತ್ತರ: ಇಲ್ಲ ಅಕ್ಕಾರ, ಕಲಬೆರಕಿ ಅಲ್ಲ. ತೊಗರಿ ಸಿಪ್ಪಿ ಒಳಗಿನ ಬ್ಯಾಳಿಗೆ ಅಂಟಿನಂಗ ಹತ್ತಿರ್ತದ, ಸುಮ್ನ ಬಡದ್ರ ಬ್ಯಾಳಿ ನುಚ್ಚಾಗ್ತದ. ಅದಕ್ಕ ಮೊದಲ ಎಮರಿ ಕಲ್ಲಿನ ರೋಲರಿನಾಗ ಕಾಳು ಬಿಟ್ಟು ಸಿಪ್ಪಿಗೆ ಗೀರು ಹಾಕ್ತಾರ, ಆ ಗೀರಿನಾಗ ಸ್ವಲ್ಪ ಎಣ್ಣಿ ಇಳಿಸಿ ಅಂಗಳದಾಗ ಬಿಸಲಿಗೆ ಹರವತಾರ, ನೀರು ಚಿಮುಕಿಸಿ ರಾತ್ರಿ ಕುಪ್ಪಿ ಹಾಕಿ ಮುಚ್ಚತಾರ, ಮರುದಿನ ಮತ್ತ ಒಣಗಿಸಿದ್ರ ಸಿಪ್ಪಿ ಸಡಲಾಗಿ ಬಿಡ್ತದ. ನಮ್ಮಜ್ಜಿಗಳು ಮನ್ಯಾಗ ಬೀಸೋಕಲ್ಲಿಗೆ ಹಾಕೋ ಮೊದಲ ಮಾಡ್ತಿದ್ದದ್ದು ಬಿ ಇದೇ. ನೂರು ಕಿಲೋ ತೊಗರಿಗೆ 70ರಿಂದ 75 ಕಿಲೋ ಬ್ಯಾಳಿ ಬಂದ್ರ ಮಿಲ್ ಚೊಲೋ ನಡದದ ಅಂತ ಅರ್ಥ, ಉಳಿದ ನುಚ್ಚು, ಚುನ್ನಿ, ಹೊಟ್ಟು ದನಕ್ಕ ಹೋಗ್ತಾವ. ಮಳಿಗಾಲದಾಗ ಅಂಗಳ ಒಣಗಂಗಿಲ್ಲ, ಡ್ರೈಯರ್ ಇಲ್ಲದ ಸಣ್ಣ ಮಿಲ್‌ನವರು ಕೈ ಕಟ್ಟಿ ಕೂಡ್ತಾರ, ಅದರ ಮ್ಯಾಲ ಆಫ್ರಿಕಾ, ಬರ್ಮಾ ತೊಗರಿ ಹಡಗಿನಾಗ ಬಂದು ಇಳೀತದ. ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಭೌಗೋಳಿಕ ಗುರುತು ಸಿಕ್ಕದ, ಪಾಕೀಟ್ ತಗೊಳ್ಳುವಾಗ ಆ ಗುರುತು ನೋಡಿ ತಗೊಳ್ರಿ, ನಮ್ಮ ರೈತರಿಗೆ ನಾಕು ರೊಕ್ಕ ಹೆಚ್ಚು ಸಿಗಲಿ.

ಪ್ರಶ್ನೆ: ನಮ್ಮ ಅಪ್ಪ ಮಿಲ್‌ನಾಗ ದುಡಿದವರು, ಈಗ ಇಲ್ಲ. ಟ್ರಂಕಿನಾಗ ಅವರ ಟೋಕನ್, ಪಗಾರ ಚೀಟಿ, ಯೂನಿಯನ್ ರಸೀದಿ, ಒಂದು ಗ್ರೂಪ್ ಫೋಟೊ ಅವ. ರದ್ದಿಗೆ ಹಾಕಲಿಕ್ಕ ಮನಸ್ಸಾಗವಲ್ದು, ಏನು ಮಾಡಬೇಕು?
(ಆಟೊ ಚಾಲಕರು, ಕಲಬುರಗಿ)

ಉತ್ತರ: ದಯಮಾಡಿ ರದ್ದಿಗೆ ಹಾಕಬ್ಯಾಡ್ರಿ ಅಣ್ಣಾರ. ಗಿರಣಿ ಮಾಲಕರದು, ನಿಜಾಮರ ಸರ್ಕಾರದ್ದು ದಾಖಲೆ ಹೈದರಾಬಾದಿನ ಪತ್ರಾಗಾರದಾಗ ಹುಡುಕಬಹುದು, ಕಾಮಗಾರನ ಮಾತು ಹೇಳೋದು ನಿಮ್ಮ ಟ್ರಂಕಿನಾಗಿನ ಚೀಟಿ ಒಂದೇ. ಆ ಪಗಾರ ಚೀಟಿ ನೋಡಿದ್ರ ಅವರು ಯಾವ ಖಾತೆ, ಎಷ್ಟು ದಿನ ಕೆಲಸ ಸಿಕ್ಕಿತ್ತು, ಎಷ್ಟು ಕಟ್ ಆಗಿತ್ತು, ಎಲ್ಲಾ ತಿಳೀತದ.

ಲ್ಯಾಮಿನೇಶನ್ ಮಾತ್ರ ಮಾಡಿಸಬ್ಯಾಡ್ರಿ, ಒಮ್ಮೆ ಮಾಡಿಸಿದ್ರ ಕಾಗದ ಬಿಡಿಸಲಿಕ್ಕ ಬರಂಗಿಲ್ಲ, ಒಳಗೇ ಹಳದಿ ಆಗಿ ಪುಡಿ ಆಗ್ತದ. ಪಿನ್ನು, ರಬ್ಬರ್ ಬ್ಯಾಂಡ್ ತೆಗೀರಿ, ತುಕ್ಕು ಕಾಗದ ತಿಂತದ. ಒಣಗಿದ ಬಿಳಿ ಹಾಳಿ ನಡುವ ಇಟ್ಟು ಗಟ್ಟಿ ಡಬ್ಬಿಯಾಗ ಹಾಕ್ರಿ, ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಮಳಿಗಾಲದಾಗ ಹಸಿ ಹಿಡೀತದ. ಫೋಟೊದ ಹಿಂದ ಪೆನ್ಸಿಲ್‌ಲೆ ಹಗುರಕ ಯಾರು ಯಾರು ಅಂತ ಬರೀರಿ, ಬಾಲ್‌ಪೆನ್ ಒತ್ತಿದ್ರ ಮುಂದ ಮೂಡ್ತದ. ಎಲ್ಲಾದ್ದು ಸ್ಕ್ಯಾನ್ ಮಾಡಿಸಿ ಮನಿಯವರ ಎರಡು ಮೂರು ಫೋನಿನಾಗ ಇಟ್ಟಿರ್ರಿ.

ಅದಕ್ಕಿಂತ ಮೊದಲ ಅಪ್ಪನ ಜೋಡಿ ದುಡದವರು ಯಾರರೆ ಇದ್ರ ಅವರ ಮನಿಗೆ ಹೋಗ್ರಿ, ಆ ಗ್ರೂಪ್ ಫೋಟೊ ಮುಂದ ಇಟ್ಟು ಮೊಬೈಲಿನಾಗ ರೆಕಾರ್ಡ್ ಒತ್ತಿ ಮಾತಾಡಿಸ್ರಿ. ಯಾವ ಪಾಳಿ, ಕಾಮಗಾರರ ಮ್ಯಾಲಿನ ಮುಕಾದಮ ಜಾಬರ್ ಹ್ಯಾಂಗಿದ್ದ, ಭೋಂಗಾ ಎಷ್ಟೆಷ್ಟೊತ್ತಿಗೆ ಆಗ್ತಿತ್ತು, ಬಂದ್ ಆದ ಮ್ಯಾಲ ಏನು ಮಾಡಿದ್ರು, ಮನಿಯಾಗ ಹೆಣ್ಣುಮಕ್ಕಳು ಹ್ಯಾಂಗ ಸಂಸಾರ ತೂಗಿಸಿದ್ರು. ಅವರು ದಖನಿ ಉರ್ದುದಾಗ ಹೇಳಲಿ, ಕನ್ನಡದಾಗ ಹೇಳಲಿ, ಮರಾಠಿದಾಗ ಹೇಳಲಿ, ತಿದ್ದಬ್ಯಾಡ್ರಿ, ಹಂಗೇ ಇರಲಿ. ಪತ್ರಿಕೆಗೆ ಕಳಸಿದ್ರ ನಾವು ಛಾಪಿಸ್ತೀವಿ, ಅಸಲು ಕಾಗದ ನಿಮ್ಮ ಹತ್ರಾನೇ ಇರಲಿ.

ಪ್ರಶ್ನೆ: ಹೊಸ ಟೆಕ್ಸ್‌ಟೈಲ್ ಪಾರ್ಕ್ ಬರ್ತದಂತ, ನಮ್ಮಂಥಾ ಹುಡುಗರಿಗೆ ಕೆಲಸ ಸಿಗ್ತದೇನ್ರಿ?
(ಐಟಿಐ ಮುಗಿಸಿದವನು, ಜೇವರ್ಗಿ)

ಉತ್ತರ: ತಮ್ಮಾ, ಪಿಎಂ ಮಿತ್ರಾ ಅನ್ನೋ ಯೋಜನಾದಾಗ 2023ರ ಮಾರ್ಚ್‌ದಾಗ ದೇಶದ ಏಳು ಜಾಗಾ ಆರಿಸ್ಯಾರ, ಕರ್ನಾಟಕದಿಂದ ಕಲಬುರಗಿ. ಭೀಮಾ ದಂಡಿ ಫಿರೋಜಾಬಾದ್ ಕಡಿ ಸಾವಿರ ಎಕರೆ ಜಮೀನು. ನೂಲಿನಿಂದ ಹಿಡದು ಸಿದ್ಧ ಉಡುಪು ತನಕ ಒಂದೇ ಜಾಗಾದಾಗ ಮಾಡೋ ವಿಚಾರ ಅದ. ಗಾರ್ಮೆಂಟ್ ಬಂದ್ರ ಹೊಲಿಗಿ ಮಶೀನಿನ ಕೆಲಸ ಜಾಸ್ತಿ, ಅದರಾಗ ಹೆಣ್ಣುಮಕ್ಕಳಿಗೆ ಹೆಚ್ಚು ಸಿಗಬಹುದು, ನಿನಗ ಫಿಟ್ಟರ್ ಇಲ್ಲಾ ಎಲೆಕ್ಟ್ರಿಶಿಯನ್ ಟ್ರೇಡ್ ಇದ್ರ ಮೇಂಟೆನೆನ್ಸ್ ಕಡಿ ನೋಡು, ಮಶೀನ್ ಇರೋ ಕಡಿ ಆ ಕೆಲಸ ಇದ್ದೇ ಇರ್ತದ. ಬಣ್ಣ ಹಾಕೋ ಯೂನಿಟ್ ಬಂದ್ರ ಆ ನೀರು ಶುದ್ಧ ಆಗದ ಭೀಮಾಕ್ಕ ಬಿಡಬಾರದು, ಅದನ್ನ ಹೊಳಿ ದಂಡಿ ಊರಿನವರು ಈಗಿಂದಾನೇ ಗ್ರಾಮ ಸಭಾದಾಗ ಬರೆಸಿ ಇಡಬೇಕು.

ಕೆಲಸಕ್ಕ ಕರದಾಗ ಮೊದಲ ಕೇಳೋದು, ಕಂಪನಿ ರೋಲ್ ಮ್ಯಾಲೋ ಕಾಂಟ್ರ್ಯಾಕ್ಟರ್ ರೋಲ್ ಮ್ಯಾಲೋ ಅಂತ. ಬದ್ಲಿ ಕಾಮಗಾರ ಆಗಿ ಗೇಟ್ ಮುಂದ ನಿಂತು ಮುದುಕರಾದವರ ಪಾಡು ಈ ಊರು ನೋಡ್ಯದ. ಸೇರಿದ ಮೊದಲ ತಿಂಗಳಾಗೇ ನೇಮಕ ಪತ್ರ, ಪಿಎಫ್‌ನ ಯುಎಎನ್ ನಂಬರ್, ಇಎಸ್‌ಐ ಕಾರ್ಡ್ ಇಸಗೊ, ಪಗಾರ ಬ್ಯಾಂಕಿಗೇ ಹಾಕ್ರಿ ಅನ್ನು, ಪ್ರತಿ ತಿಂಗಳ ಚೀಟಿ ತಗೊಂಡು ಜೋಪಾನ ಇಡು.